ಸೀಸ ಕಾಯಿಸಿದ ಅಂಗಳದ ಕೋಳಿಗಳು

ತುಂಬು ಬಸುರಿ ಮಗಳನ್ನು ಗಂಡನ ಮನೆಗೆ ಓಡಿಸಿ ಕೋಳಿಗಳ ಬಾಣಂತನ ಮಾಡಿದವಳು ಎಂದು ಮೊಗ್ರಾಲ್ ಹೊಳೆಬದಿಯ ಜನ ತುಂಗಕ್ಕನನ್ನು ಆಡಿಕೊಳ್ಳುತ್ತಿದ್ದರು.

ಆಡಿಕೊಳ್ಳದೆ ಇರುತ್ತಾರೆಯೇ? ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮಗಳು ನಮಿತಾ ಅದಕ್ಕೇ ಬಂದಿದ್ದಳು. ಅವಳಿಗೆ ದಿನಾ ಮೊಟ್ಟೆ ಸಿಗಲಿ ಎಂದೇ ತುಂಗಕ್ಕ ಕೋಳಿ ಹೆಚ್ಚಿಸಿದ್ದಳು. ಗಂಡ ಹೊನ್ನಯ್ಯ ಬೀಸುಬಲೆ ಕಟ್ಟುವವನು. ಬಲೆಯ ಅಂಚಿಗೆ ಭಾರ ಬೇಕಲ್ಲ, ಹಳೆ ಬ್ಯಾಟರಿಯ ಸೀಸವನ್ನು ಅಂಗಳದ ಒಲೆಯಲ್ಲಿ ಕರಗಿಸಿ ಮಣಿ ಎರೆದು, ಕಲ್ಲಿನ ಮೇಲಿಟ್ಟು ತಟ್ಟುತ್ತಿದ್ದ. ಒಲೆ ಊದುವುದು ತುಂಗಕ್ಕ. ಅವನು ಎದ್ದ ಮೇಲೆ ಅದೇ ಕಲ್ಲಿನಲ್ಲಿ ಅವಳು ಹೊಳೆಯ ಮರುವಾಯಿಯ ಕಪ್ಪೆಚಿಪ್ಪು ಜಜ್ಜಿ ಕೋಳಿಗಳಿಗೆ ಎರಚುತ್ತಿದ್ದಳು, ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲಿ ಎಂದು.

ಆ ವರ್ಷ ಮಳೆ ಬಿಟ್ಟ ಮೇಲೆ ಮೊಟ್ಟೆಗಳು ಮೆತ್ತಗೆ, ಚರ್ಮದ ಚೀಲದ ಹಾಗೆ ಬಿದ್ದವು. ತುಂಗಕ್ಕ ಇನ್ನಷ್ಟು ಚಿಪ್ಪು ಜಜ್ಜಿದಳು. ಮೊಟ್ಟೆಯೇ ನಿಂತಿತು. ಕೋಳಿಗಳು ಕತ್ತು ಜೋಲಿಸಿ ಸಾಯತೊಡಗಿದವು.

“ಎಂತ ತುಂಗಕ್ಕ, ನಿನ್ನ ಕೋಳಿಗಳೂ ಬಸುರಿಯಾ?” ಎಂದು ನೆರೆಮನೆಯ ಪ್ರೇಮಾವತಿ ಬೇಲಿಯಾಚೆ ನಕ್ಕಳು.

ಸತ್ತ ಕೋಳಿಯೊಂದನ್ನು ತುಂಗಕ್ಕ ಮೃಗಾಸ್ಪತ್ರೆಗೆ ಒಯ್ದಳು. ಡಾಕ್ಟರು ಕೊಯ್ದು ನೋಡಿದರೆ ಚಿಪ್ಪಿನ ಚೂರುಗಳ ನಡುವೆ ಬೂದುಬಣ್ಣದ ಹೊಳೆಯುವ ಕಾಳುಗಳು.

“ಇದು ಸೀಸ ಅಮ್ಮ. ಮೊಟ್ಟೆ ಕಟ್ಟುವ ಜಾಗವೇ ಒಣಗಿದೆ ನೋಡಿ.”

“ನಮ್ಮ ಅಂಗಳದಲ್ಲೇ ಸೀಸ ಕಾಯಿಸುವುದು. ಮದ್ದು ಉಂಟಾ ಡಾಕ್ಟ್ರೇ?”

“ಸತು, ಸುಣ್ಣ, ಸೆಲೆನಿಯಂ ಇರುವ ಖನಿಜದ ಪುಡಿ ಉಂಟು, ಮೇವಿಗೆ ಬೆರೆಸಿ. ಸೀಸ ಒಳಗೆ ಹಿಡಿಯುವುದನ್ನು ಸ್ವಲ್ಪ ತಡೆಯುತ್ತದೆ. ಆದರೆ ಆ ಅಂಗಳ ಬಿಡಿಸದೆ ಪುಡಿ ಹಾಕಿ ಪ್ರಯೋಜನ ಇಲ್ಲ. ಮೊಟ್ಟೆ ಪುನಃ ಬಂದರೂ ತಿನ್ನಬೇಡಿ, ಎಲುಬಿನಲ್ಲಿ ಕೂತ ಸೀಸ ಮೊಟ್ಟೆಗೆ ಇಳಿಯುತ್ತದೆ. ಮನೆಯಲ್ಲಿ ಬಸುರಿಯರು ಇಲ್ಲವಲ್ಲ?”

ತುಂಗಕ್ಕ ಪುಡಿಯ ಪೊಟ್ಟಣ ಹಿಡಿದು ಹೊರಟಳು. ಮನೆಗೆ ಬಂದವಳೇ ಮಗಳ ಬಟ್ಟೆ ಕಟ್ಟಿದಳು. “ನಿನ್ನ ಹೊಟ್ಟೆಗೆ ಈ ಅಂಗಳ ಆಗುವುದಿಲ್ಲ. ಉಪ್ಪಳಕ್ಕೆ, ಗಂಡನ ಮನೆಗೆ ಹೋಗು, ಆಸ್ಪತ್ರೆಯಲ್ಲಿ ರಕ್ತ ತೋರಿಸು.”

“ಕೋಳಿಗೆ ಮದ್ದು ಉಂಟು, ನನಗೆ ಜಾಗ ಇಲ್ಲವಾ ಅಮ್ಮ?” ಎಂದು ನಮಿತಾ ಅತ್ತಳು. ಅತ್ತುಕೊಂಡೇ ಹೋದಳು.

“ಅಜ್ಜನ ಕಾಲದಿಂದ ಸೀಸ ಮುಟ್ಟಿದ ಮನೆ ಇದು. ಯಾರು ಸತ್ತಿದ್ದಾರೆ ಮಾರಾಯ್ತಿ?” ಎಂದು ಹೊನ್ನಯ್ಯ ರೇಗಿದ. ಅವಳ ಹಟಕ್ಕೆ ಒಲೆ ಹಿತ್ತಿಲಿಗೇನೋ ಹೋಯಿತು, ಆರಲಿಲ್ಲ. ಊದುವುದಕ್ಕೆ ತುಂಗಕ್ಕನೇ ಬೇಕಿತ್ತು.

ಉಳಿದ ಕೋಳಿಗಳನ್ನು ಅವಳು ಎತ್ತರದ ಗೂಡಿಗೆ ಹಾಕಿ ಪುಡಿ ಬೆರೆಸಿ ತಿನ್ನಿಸಿದಳು. ಮೊಟ್ಟೆ ಬಂತು, ದುಂಡಗೆ, ಗಟ್ಟಿ ಸಿಪ್ಪೆಯದು. ಅವಳು ಗುಂಡಿ ತೋಡಿ ಹೂತಳು.

“ಮಗಳಿಗೂ ಇಲ್ಲ, ನಮಗೂ ಇಲ್ಲ, ಮಣ್ಣಿಗೆ ಉಂಟು!” ಪ್ರೇಮಾವತಿ ಊರಿಡೀ ಹೇಳಿದಳು. ಸೀಸದ ಸುದ್ದಿ ಹಬ್ಬಿದರೆ ಗಂಡನ ಬಲೆ ಯಾರೂ ಮುಟ್ಟಲಾರರೆಂದು ತುಂಗಕ್ಕ ಸುಮ್ಮನಿದ್ದಳು.

ಉಪ್ಪಳದಲ್ಲಿ ನಮಿತಾ ದಿನ ತುಂಬುವ ಮೊದಲೇ ಹೆತ್ತಳು. ಮಗು ಬೊಗಸೆಯಷ್ಟೇ ಇತ್ತು, ಆದರೆ ಉಳಿಯಿತು. ನಮಿತಾ ತಾಯಿಯನ್ನು ಮಾತ್ರ ಬಾಣಂತನಕ್ಕೆ ಕರೆಯಲಿಲ್ಲ.

ಅಷ್ಟರಲ್ಲಿ ತುಂಗಕ್ಕನಿಗೆ ಹೊಟ್ಟೆ ಹಿಂಡುತ್ತಿತ್ತು. ಮಣಿಕಟ್ಟು ಸತ್ತ ಕೋಳಿಯ ಕತ್ತಿನ ಹಾಗೆ ಜೋತುಬಿದ್ದಿತ್ತು. ಕೋಳಿಯನ್ನು ಕೊಯ್ದು ನೋಡಿದ್ದಾಯಿತು, ಒಲೆ ಊದಿದವಳನ್ನು ಯಾರೂ ನೋಡಿರಲಿಲ್ಲ. ಮಂಗಳೂರಿನ ಆಸ್ಪತ್ರೆಗೆಂದು ಅಂಗಳಕ್ಕೆ ರಿಕ್ಷಾ ಬಂತು.

ಹೊನ್ನಯ್ಯ ಮೊಟ್ಟೆಯ ಚೀಲ ಹಿಡಿದು ಬಂದ. “ದಾರಿಯಲ್ಲೇ ಉಪ್ಪಳ. ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗುವುದಾ?”

“ಅದನ್ನು ಹೂಳಿ. ಕೋಳಿಗೆ ಪುಡಿ ಮರೆಯಬೇಡಿ,” ಎಂದಳು ತುಂಗಕ್ಕ. ಜೋತ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬರಿಗೈಯಲ್ಲೇ ಹೊಸಿಲು ದಾಟಿ ರಿಕ್ಷಾ ಹತ್ತಿದಳು. ಆಸ್ಪತ್ರೆಯಿಂದ ಅವಳು ಆ ಮನೆಗೆ ಮತ್ತೆ ಬರಲಿಲ್ಲ.