ಏಳು ಖಾಲಿ ಮನೆ

ನಮ್ಮ ಪಾಲಿಟೆಕ್ನಿಕ್‌ನ ಲ್ಯಾಬ್ ಮೇಡಂ ಮುಟ್ಟಿದರೆ ಸಾಕು, ಕೈಕೊಟ್ಟ ಕಂಪ್ಯೂಟರ್ ಓಡುತ್ತಿತ್ತು ಎಂದು ಚಿಕ್ಕಮಗಳೂರಿನ ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮುಟ್ಟಿದ್ದನ್ನು ಕಂಡವರು ಯಾರು? ಬೂದು ಸ್ವೆಟರಿನ ತೋಳುಗಳೊಳಗೆ ಎರಡೂ ಕೈ ಎಳೆದುಕೊಂಡು, ಉಗುರು ಕೂಡ ಕಾಣದಂತೆ, ನಮ್ಮ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ನಾವು ಏನೇ ಹೇಳಲಿ, ಅವರದು ಒಂದೇ ಮಾತು: "ನೋಡಿದ್ದೋ, ಅಂದ್ಕೊಂಡಿದ್ದೋ?"

ಜಿಲ್ಲಾ ಚರ್ಚಾಸ್ಪರ್ಧೆಯ ಕಪ್ ಗೆದ್ದಿದ್ದ ನನಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಯ ವರ್ಷ ನಾನೂ ಕಳಸದ ಗೆಳೆಯನೂ ಸೇರಿ ಎಸ್ಟೇಟುಗಳ ಮಳೆಯನ್ನು ದಾಖಲಿಸುವ ಪ್ರೋಗ್ರಾಂ ಬರೆದೆವು. ಅವನ ಭಾಗ ಪ್ಯಾಸ್ಕಲ್ ಭಾಷೆಯಲ್ಲಿ, ನನ್ನದು ಸಿ ಭಾಷೆಯಲ್ಲಿ. ಬೇರೆಬೇರೆಯಾಗಿ ಎರಡೂ ಚೆನ್ನಾಗಿಯೇ ಓಡುತ್ತಿದ್ದವು. ಜೋಡಿಸಿದೆವೋ, ಊರಿನ ಗುರುತಿನ ಅಕ್ಷರವೇನೋ ಸರಿಯಾಗಿ ಬರುತ್ತಿತ್ತು. ಕೊಟ್ಟಿಗೆಹಾರದ ಮಳೆ ಮಾತ್ರ ಅರಬ್ಬಿ ಸಮುದ್ರವೇ ಸುರಿದಷ್ಟು ತೋರಿಸಿ, ಪ್ರೋಗ್ರಾಂ ಅಲ್ಲೇ ಕುಸಿಯುತ್ತಿತ್ತು. ಸೋಮವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ಓಡದಿದ್ದರೆ ಇಬ್ಬರೂ ಫೇಲು.

"ನಿನ್ನ ಭಾಗದಲ್ಲೇ ಏನೋ ಎಡವಟ್ಟು, ಮಾರಾಯ್ತಿ."

"ನಿಂದೇನು ಮಹಾ? ಕಳಸದ ಬಸ್ಸಿನ ಹಾಗೆ ತುರುಕಿದ್ದೇ ತುರುಕಿದ್ದು!"

ಹಿಂದೆ ನಿಂತಿದ್ದ ಮೇಡಂ ಯಾಕೋ ನಕ್ಕರು.

ನಾಲ್ಕು ದಿನ ಕಿತ್ತಾಡಿದೆವು. ವಾದದಲ್ಲಿ ಗೆದ್ದದ್ದು ನಾನೇ. ಪ್ರೋಗ್ರಾಂ ಮಾತ್ರ ಏಳಲಿಲ್ಲ. ಶುಕ್ರವಾರದ ಹೊತ್ತಿಗೆ ಪರಸ್ಪರ ಮಾತು ಬಿಟ್ಟಿದ್ದೆವು. ಮಧ್ಯಾಹ್ನ ಮೇಡಂ ಡ್ರಾಯರಿನಿಂದ ಎರಡು ತೆಳು ಹಾಳೆ ತೆಗೆದರು. ಸಾಲಿಗೆ ಎಂಟು ಚೌಕ ಮನೆಗಳಂತೆ ಶಾಯಿಯ ಗೆರೆ ಎಳೆದಿತ್ತು.

"ಒಂದು ಬೈಟಿಗೆ ಒಂದು ಮನೆ. ಯಾವುದು ಎಲ್ಲಿ ಕೂತಿದೆ ಅಂತ ಕಂಪ್ಯೂಟರನ್ನೇ ಕೇಳಿ ತುಂಬಿ. ಒಬ್ಬರದ್ದು ಒಬ್ಬರು ನೋಡ್ಬಾರ್ದು."

ತುಂಬಿ ಕೊಟ್ಟೆವು. ಮೇಡಂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿಹಿಡಿದರು. ಬಿಸಿಲಿಗೆ ಎರಡೂ ಕಂಡವು. ಮೊದಲ ಮನೆಯಲ್ಲಿ ಊರಿನ ಅಕ್ಷರ. ಅಲ್ಲಿಯವರೆಗೆ ಇಬ್ಬರದೂ ಒಂದೇ. ಅವನ ಮಳೆಯ ಅಂಕಿ ಎರಡನೇ ಮನೆಯಿಂದಲೇ ಶುರು. ನನ್ನದು ಏಳು ಮನೆ ಖಾಲಿ ಬಿಟ್ಟು, ಮುಂದಿನ ಸಾಲಿನ ತಲೆಗೆ ಹೋಗಿ ಕೂತಿತ್ತು. ದೊಡ್ಡ ಅಂಕಿಯನ್ನು ಸಾಲಿನ ಮೊದಲಲ್ಲೇ ಕೂರಿಸುವುದು ನನ್ನ ಭಾಷೆಯನ್ನು ಯಂತ್ರಕ್ಕೆ ತಿಳಿಸುವ ಕಂಪೈಲರಿನ ಪದ್ಧತಿ. ಎಡೆಯೇ ಬಿಡದೆ ತುಂಬುವುದು ಅವನದರ ಪದ್ಧತಿ. ನಾನು ಅವನ ಮಳೆಯನ್ನು ಬಾಲದಿಂದ ಓದುತ್ತಿದ್ದೆ. ಮರುದಿನದ ಮಳೆ ಎಲ್ಲಿ ಬರೆದಿದೆ ಎಂಬ ವಿಳಾಸವನ್ನೂ ತಪ್ಪು ಮನೆಯಿಂದಲೇ ಎತ್ತಿಕೊಂಡು, ಎಲ್ಲೋ ನುಗ್ಗಿ ಬೀಳುತ್ತಿದ್ದೆ.

"ಹಾಗಾದ್ರೆ ತಪ್ಪು ಯಾರದ್ದು, ಮೇಡಂ?"

"ಗಾಜಿನ ಮೇಲಿದೆಯಲ್ಲ. ನೀವೇ ಹೇಳಿ."

ನಾನು ಏಳೂ ಖಾಲಿ ಮನೆಗಳನ್ನು ಬೆರಳಿಟ್ಟು ಎಣಿಸಿದೆ.

"ಕಪ್ ವಾಪಸ್ ಕೊಟ್ ಬಾ, ಮಾರಾಯ್ತಿ" ಎಂದ ಗೆಳೆಯ. ಮೂವರೂ ಬಿದ್ದು ಬಿದ್ದು ನಕ್ಕೆವು. ಅವನು ತನ್ನ ಭಾಗಕ್ಕೆ ಏಳು ಖಾಲಿ ಮನೆ ಸೇರಿಸಿದ. ಸೋಮವಾರ ಪಾಸಾದೆವು.

ಈಗ ಯಾರ ಮೇಲಾದರೂ ಬಾಯಿ ಮಾಡುವ ಮೊದಲು ಇಬ್ಬರ ಹಾಳೆಯನ್ನೂ ಬೆಳಕಿಗೆ ಹಿಡಿಯುತ್ತೇನೆ. ಅಷ್ಟರಮಟ್ಟಿಗೆ ನಾನು ಮೇಡಂಗೆ ಋಣಿ. ಆದರೆ ಅಷ್ಟೊಂದು ಮನೆಗಳಿಗೆ ಸ್ಕೇಲು ಹಿಡಿದು ಗೆರೆ ಎಳೆಯುವುದು ನಿಂತ ನಿಲುವಿನಲ್ಲಿ ಆಗುವ ಕೆಲಸವಲ್ಲ. ವಸ್ತಾರೆಯ ನಿಮ್ಮ ಮನೆಯಲ್ಲಿ ಕೂತು ಇದನ್ನು ಓದುತ್ತಿದ್ದರೆ ಹೇಳಿ, ಮೇಡಂ: ನಮ್ಮ ಜಗಳದ ಎಷ್ಟನೇ ದಿನ ಆ ಹಾಳೆಗಳನ್ನು ಡ್ರಾಯರಿನಲ್ಲಿ ಇಟ್ಟಿರಿ?