ಹೊಳೆಗೆ ಬಾರದ ಬಣ್ಣ

ಹೆದರಿಕೆ ಅನ್ನುವುದು ಒಂದು ದಿನ ಬಾಡಿಗೆಗೆ ಮನೆ ಹುಡುಕುತ್ತಾ ಹೊರಟಿತಂತೆ. ಮೇಲಿನ ಬೀದಿಯಲ್ಲಿ ಒಂದೊಂದೇ ಬಾಗಿಲು ತಟ್ಟಿತಂತೆ. ಒಬ್ಬರು ಪುರುಸೊತ್ತಿಲ್ಲ ಅಂದರು, ಇನ್ನೊಬ್ಬರು ನಾಯಿ ಬಿಟ್ಟರು. ಕೊನೆಯ ಮನೆಯ ಹೆಂಗಸು ಮಾತ್ರ ‘ಅಯ್ಯೋ, ಯಾರಪ್ಪಾ ಅದು?’ ಅಂತ ನಡುಗುತ್ತಲೇ ಬಾಗಿಲು ತೆಗೆದಳು. ಹೆದರಿಕೆ ಒಳಗೆ ಹೋಗಿ ಕೂತದ್ದು ಇವತ್ತಿಗೂ ಎದ್ದಿಲ್ಲ. ಪುಕ್ಕಲಕ್ಕನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಈ ಕಥೆಯಿಂದಲೇ ಶುರು. ಕಥೆ ಕಟ್ಟಿದವನು ಬೇರೆ ಯಾರೂ ಅಲ್ಲ, ಅವಳ ಗಂಡನೇ.

ಪುಕ್ಕಲಕ್ಕ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮಿಷನ್ನು, ಮೊಳೆಗಳಿಗೆ ತೂಗುಹಾಕಿದ ಅರ್ಧ ಹೊಲಿದ ಬಟ್ಟೆಗಳು, ನೆಲದ ತುಂಬ ದಾರದ ತುಂಡುಗಳು. ಹಲ್ಲಿಗೆ ಹೆದರುವಳು, ಗುಡುಗಿಗೆ ಹೆದರುವಳು, ಫೋನ್ ರಿಂಗಾದರೆ ಹೆದರುವಳು, ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೆದರುವಳು. ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಕಳೆದುಹೋದ ಸೂಜಿಯದು. ಕೈತಪ್ಪಿ ಒಂದು ಸೂಜಿ ಬಿತ್ತೆಂದರೆ ಊಟ ಬಿಟ್ಟು, ಮಂಡಿಯೂರಿ, ಅಂಗೈಯಲ್ಲಿ ನೆಲ ಸವರುತ್ತಾ ಹುಡುಕುವಳು.

“ಇನ್ನೊಂದು ತಗೊಳ್ಳೇ, ಅದೇನು ಚಿನ್ನದ ಸೂಜಿಯಾ?” ಅಂತ ಗಂಡ ರೇಗಿಸಿದರೆ ಅವಳ ಉತ್ತರ ಒಂದೇ.

“ಬಿದ್ದ ಸೂಜಿ ಮಾಯ ಆಗಲ್ಲ ಕಣ್ರೀ. ನಾವು ಹುಡುಕದಿದ್ರೆ ಅದೇ ಯಾರ ಕಾಲನ್ನೋ ಹುಡುಕ್ಕೊಂಡು ಹೋಗುತ್ತೆ.”

ಅವಳ ಮನೆಯ ಪಕ್ಕದ ಇಳಿಜಾರು ಇಳಿದರೆ ಕೆಳಗಿನ ಬೀದಿ. ಅಲ್ಲಿ ಅವಳ ಒಬ್ಬಳೇ ತಂಗಿಯ ಮನೆ. ಅಂಗಳದಲ್ಲಿ ಬಾವಿ, ತೊಟ್ಟಿಲಲ್ಲಿ ಬಹಳ ವರ್ಷ ಕಾದು ಹುಟ್ಟಿದ ಹೆಣ್ಣುಮಗು. ಆ ಮಗುವಿಗೆ ಹೊಟ್ಟೆ ಸರಿ ಇರುತ್ತಿರಲಿಲ್ಲ. ಒಂದು ವಾರ ನಕ್ಕರೆ ಇನ್ನೊಂದು ವಾರ ಭೇದಿ. ಔಷಧ ಕೊಟ್ಟರೆ ನಿಲ್ಲುವುದು, ಬಿಟ್ಟರೆ ಮತ್ತೆ ಶುರು. ಎತ್ತಿಕೊಂಡರೆ ಹಕ್ಕಿ ಎತ್ತಿಕೊಂಡಂತೆ ಹಗುರ. ಪುಕ್ಕಲಕ್ಕನ ಹೆದರಿಕೆಗಳಲ್ಲಿ ಯಾರೂ ನಗದೆ ಒಪ್ಪಿಕೊಂಡಿದ್ದು ಇದೊಂದನ್ನೇ.

ಈ ನಡುವೆ ಊರಿನ ಹೊಳೆ ನಾರತೊಡಗಿತು. ಮೊದಮೊದಲು ಎರಡು ಬೀದಿಯವರೂ ಸೇತುವೆಯ ಮೇಲೆ ನಿಂತು, ನಿಮ್ಮ ಕೊಳೆ, ನಿಮ್ಮ ಕಸ ಅಂತ ಒಬ್ಬರಿಗೊಬ್ಬರು ಬೈದುಕೊಂಡರು. ಬೈದು ಬೈದು ಗಂಟಲು ಒಣಗಿದ ಮೇಲೆ ಒಟ್ಟಿಗೆ ಕೂತು ‘ಹೊಳೆ ಬಳಗ’ ಮಾಡಿಕೊಂಡರು. ಕೊಳೆ ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡಲು ನೀರಿನ ಇಲಾಖೆಯವರು ಬಣ್ಣದ ಪುಡಿ ಕೊಟ್ಟರು, ಓಡಾಡುವ ಕಾಲು ಬೀದಿಯವರದು. ಮುಂದಾಳು ನಲ್ಲಿ ರಿಪೇರಿ ಮಾಡುವವನು, ಎಲ್ಲರಿಗೂ ನಲ್ಲಿಯಣ್ಣ. ಪುಕ್ಕಲಕ್ಕ ಬಳಗ ಸೇರಿದ್ದು ತಪ್ಪಿನಿಂದ. ಕತ್ತಲಾಯಿತು, ಮನೆಗೆ ಹೋಗಲಾ ಅಂತ ಕೇಳಲು ಸಭೆಯಲ್ಲಿ ಕೈಯೆತ್ತಿದಳು. ಅದೇ ಹೊತ್ತಿಗೆ ನಲ್ಲಿಯಣ್ಣ, ಯಾರ ಮನೆಯಿಂದ ಶುರು ಮಾಡೋಣ ಅಂತ ಕೇಳಿದ್ದ.

“ನೋಡ್ರಪ್ಪಾ, ಧೈರ್ಯ ಅಂದ್ರೆ ಇದು!” ಅಂದ ಅವನು. ಆಮೇಲೆ ಕೈ ಇಳಿಸಲೂ ಅವಳಿಗೆ ಹೆದರಿಕೆ.

ಪರೀಕ್ಷೆ ಸುಲಭದ್ದು. ಮನೆಗಳ ಕಕ್ಕಸಿನ ನೀರು ರಸ್ತೆಯಡಿಯ ಒಳಚರಂಡಿಗೆ ಹೋಗಬೇಕು. ಮಳೆನೀರಿನ ಮೋರಿ ಮಾತ್ರ ಹೊಳೆಗೆ ಬೀಳಬೇಕು. ಯಾವುದೋ ಮನೆಯವರು ಕಕ್ಕಸಿನ ಪೈಪನ್ನು ಮೋರಿಗೇ ಸೇರಿಸಿಬಿಟ್ಟಿದ್ದರೆ? ಅದಕ್ಕೇ ಒಂದೊಂದು ಮನೆಯ ಕಕ್ಕಸಿಗೆ ಬಣ್ಣ ಹಾಕಿ ನೀರು ಬಿಡುವುದು, ಸೇತುವೆಯ ಕೆಳಗೆ ಮೋರಿಯ ಬಾಯಲ್ಲಿ ನಿಂತು ಬಣ್ಣ ಬರುತ್ತದೆಯೇ ಅಂತ ನೋಡುವುದು.

ಪುಕ್ಕಲಕ್ಕನ ಕಕ್ಕಸಿನಲ್ಲಿ ನಲ್ಲಿಯಣ್ಣ ಪುಡಿಯ ಡಬ್ಬಿ ತೆರೆದ. ಇಟ್ಟಿಗೆಯ ಕೆಂಪು. ನೀರಿಗೆ ಬಿದ್ದದ್ದೇ ತಡ, ಹೊಳೆಯುವ ಹಸಿರಾಯಿತು. ಪುಕ್ಕಲಕ್ಕ ಬಾಗಿಲಿನಾಚೆ ಹಾರಿದಳು.

“ವಿಷ ಅಲ್ಲವಾ ಅಣ್ಣಾ ಇದು?”

“ಕಣ್ಣಿನ ಡಾಕ್ಟರು ಇದನ್ನ ಕಣ್ಣಿಗೇ ಹಾಕ್ತಾರಕ್ಕ. ನಿನ್ನ ಕಕ್ಕಸಿಗೆ ಏನೂ ಆಗಲ್ಲ ಬಿಡು.”

ನೀರು ಬಿಟ್ಟರು. ಸೇತುವೆಯ ಕೆಳಗೆ ಎರಡು ಬೀದಿಯವರೂ ಮೂಗು ಮುಚ್ಚಿಕೊಂಡು ಕಾದರು. ಬಣ್ಣ ಬರಲಿಲ್ಲ. ಇನ್ನಷ್ಟು ಪುಡಿ ಹಾಕಿ, ಬಕೆಟ್ಟುಗಟ್ಟಲೆ ನೀರು ಸುರಿದರು. ಆಗಲೂ ಇಲ್ಲ. ಮೇಲಿನ ಬೀದಿಯವರು ಚಪ್ಪಾಳೆ ತಟ್ಟಿದರು. ಪುಕ್ಕಲಕ್ಕನ ಮನೆ ಪಾಸು!

“ಹಾಗಾದ್ರೆ ಬಣ್ಣ ಎಲ್ಲಿ ಹೋಯ್ತು?” ಅಂದಳು ಪುಕ್ಕಲಕ್ಕ.

“ಇನ್ನೆಲ್ಲಿ? ಒಳಚರಂಡಿಗೆ.”

“ಒಳಚರಂಡೀಲಿ ನೋಡಿದ್ರಾ?”

ನಲ್ಲಿಯಣ್ಣ ಕಿವಿ ಕೆರೆದುಕೊಂಡ. ಒಳಚರಂಡಿಯ ಮುಚ್ಚಳದ ಮೇಲೆ ಹೊಸ ಡಾಂಬರು ಬಿದ್ದು ಅದು ಮುಚ್ಚಿಹೋಗಿತ್ತು. “ಹೊಳೆಗೆ ಬರಲಿಲ್ಲವಲ್ಲಕ್ಕ, ನಮಗೆ ಬೇಕಾದ್ದು ಅಷ್ಟೇ.”

ಎಲ್ಲರೂ ಪಕ್ಕದ ಮನೆಗೆ ಹೋದರು. ಪುಕ್ಕಲಕ್ಕ ಮಿಷನ್ನಿನ ಮುಂದೆ ಕೂತಳು. ಹೊಲಿಗೆ ಸಾಗಲಿಲ್ಲ. ಹಾಕಿದ್ದು ಹೌದು, ಬಂದದ್ದು ಇಲ್ಲ. ಬಿದ್ದ ಸೂಜಿ ಮಾಯ ಆಗುವುದಿಲ್ಲ. ಕಿಟಕಿಯಿಂದ ಇಳಿಜಾರು ಕಾಣುತ್ತಿತ್ತು. ಇಳಿಜಾರಿನ ಬುಡದಲ್ಲಿ ತಂಗಿಯ ಬಾವಿಯ ರಾಟೆ. ನೀರು ಹರಿಯುವುದು ಕೆಳಕ್ಕೇ ಅಲ್ಲವಾ? ಕತ್ತರಿಯನ್ನು ಹಾಗೇ ಬಿಟ್ಟು, ಚಪ್ಪಲಿ ಅದಲುಬದಲು ಹಾಕಿಕೊಂಡು ಕೆಳಗೆ ಓಡಿದಳು.

ತಂಗಿ ಬಾವಿಕಟ್ಟೆಯ ಮೇಲೆ ಕೂತು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು.

“ಈ ನೀರು ಕುಡಿಬೇಡ್ವೇ. ಮಗೂಗಂತೂ ಕೊಡಲೇಬೇಡ.”

“ಯಾಕಕ್ಕಾ, ಬಾವೀಲಿ ಹಲ್ಲಿ ಬಿತ್ತಾ?”

“ನಗಬೇಡ ಕಣೇ. ನಮ್ಮನೆ ಬಣ್ಣ ಹೊಳೆಗೆ ಬರಲಿಲ್ಲ.”

“ಬರಲಿಲ್ಲ ಅಂತ ಚಪ್ಪಾಳೆ ತಟ್ಟಿದ್ರಂತಲ್ಲ! ಬಂದ್ರೂ ಹೆದರ್ತೀಯ, ಬರದಿದ್ರೂ ಹೆದರ್ತೀಯ. ಹೋದ ವರ್ಷ ಗ್ಯಾಸ್ ಸಿಲಿಂಡರ್ ಸಿಡಿಯುತ್ತೆ ಅಂತ ನಮ್ಮನ್ನೆಲ್ಲ ಬೀದೀಲಿ ನಿಲ್ಲಿಸಿದ್ದೆ. ಅದು ಕುಕ್ಕರ್ ಶಬ್ದ! ಅದಕ್ಕೂ ಮುಂಚೆ ನಿನ್ನ ಮೈದುನನ ಸ್ಕೂಟರ್ ಕಳುವಾಯ್ತು ಅಂತ ಪೊಲೀಸ್ ಕರೆಸಿದ್ದೆ. ಅವನು ಅದರ ಮೇಲೇ ಕೂತು ಬರ್ತಿದ್ದ.”

ತಂಗಿ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಪುಕ್ಕಲಕ್ಕ ಇದ್ದ ಹೆದರಿಕೆಯನ್ನೆಲ್ಲ ಹಲ್ಲಿ, ಕುಕ್ಕರುಗಳ ಮೇಲೆ ಖರ್ಚು ಮಾಡಿಬಿಟ್ಟಿದ್ದಳು. ನಿಜವಾಗಿ ಬೇಕಾದಾಗ ಅವಳ ಮಾತಿಗೆ ಬೆಲೆಯೇ ಉಳಿದಿರಲಿಲ್ಲ.

ತಂಗಿ ಒಂದು ಲೋಟ ನೀರು ಸೇದಿ ಕೊಟ್ಟಳು. “ಕುಡಿ. ಕನ್ನಡಿ ಇದ್ದ ಹಾಗಿದೆ.” ನೀರು ನಿಜಕ್ಕೂ ಕನ್ನಡಿಯ ಹಾಗಿತ್ತು. ಪುಕ್ಕಲಕ್ಕ ಕುಡಿಯಲಿಲ್ಲ. ತಂಗಿಯ ಮುಖ ಸಣ್ಣಗಾಯಿತು. “ನಿಮ್ಮನೆ ನೀರು ನಿಮಗೆ, ನಮ್ಮನೆ ನೀರು ನಮಗೆ. ಹೋಗಕ್ಕಾ” ಅಂದಳು.

ಅಂದಿನಿಂದ ಪುಕ್ಕಲಕ್ಕ ದಿನಾ ಒಂದಲ್ಲ ಒಂದು ನೆಪ ಮಾಡಿಕೊಂಡು ಇಳಿಜಾರು ಇಳಿದಳು. ಅಂಗಿಗೆ ಗುಂಡಿ ಹಾಕಲು, ಅಳತೆ ತೆಗೆಯಲು, ಏನೂ ಇಲ್ಲದಿದ್ದರೆ ಸುಮ್ಮನೆ. ಬಾವಿಯೊಳಗೆ ಬಗ್ಗಿ ನೋಡುವಳು. ಆಳಕ್ಕೆ ಹೆದರಿ ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನೋಡುವಳು. ಕೆಳಗೆ ಕಾಣುವುದು ಕಪ್ಪು, ಅದರ ಮೇಲೆ ಅವಳದೇ ಮುಖ. ಮಗು ಹಿಂದೆ ತೊಟ್ಟಿಲಲ್ಲಿ ನರಳುವುದು. ಸೊರಗಿದ ಮಗುವಿನ ಮುಖದಲ್ಲಿ ಕಣ್ಣು ಮಾತ್ರ ದೊಡ್ಡದಾಗುತ್ತಿತ್ತು. ತಾನು ಹೆದರಿದ್ದೇ ನಿಜವಾದರೆ? ಸುಳ್ಳಾದರೆ ಸಾಕಪ್ಪಾ, ಊರೆಲ್ಲ ನಗಲಿ ಅಂತ ಅವಳು ಜೀವ ಬಿಗಿಹಿಡಿದಿದ್ದಳು.

ಮುಂದಿನ ವಾರ ಒಂದು ಬೆಳಿಗ್ಗೆ ಇಳಿಜಾರಿನ ಅರ್ಧದಲ್ಲೇ ಅವಳ ಕಾಲು ನಿಂತುಹೋಯಿತು. ತಂಗಿಯ ಅಂಗಳದ ಹಗ್ಗದ ಮೇಲೆ ಮಗುವಿನ ಲಂಗೋಟಿಗಳು ಸಾಲಾಗಿ ಒಣಗುತ್ತಿದ್ದವು. ಅವಳೇ ಬಿಳಿ ಬಟ್ಟೆ ಕತ್ತರಿಸಿ, ಅಂಚು ಮಡಿಸಿ ಹೊಲಿದವು. ಅವು ಎಷ್ಟು ಬಿಳಿ ಅಂತ ಅವಳಿಗೆ ಗೊತ್ತು. ಎಳೆಬಿಸಿಲಿನಲ್ಲಿ ಅವು ಬಿಳಿಯಾಗಿರಲಿಲ್ಲ. ನಿಂಬೆಕಾಯಿಯ ಬಣ್ಣ.

“ಇದೇನೇ ಬಟ್ಟೆ?” ಅಂಗಳಕ್ಕೆ ಇಳಿದು ಬಂದವಳೇ ತಂಗಿಯನ್ನು ಕೇಳಿದಳು.

“ಹೊಟ್ಟೆ ಮತ್ತೆ ಕೆಟ್ಟಿದೆಯಲ್ಲ, ಹಸಿರು ಹಸಿರು ಹೋಗುತ್ತೆ. ಕಲೆ ಬಿಡಲ್ಲ.”

“ನಿನ್ನ ಗಂಡಂದೂ ಹೊಟ್ಟೆ ಕೆಟ್ಟಿದೆಯಾ?”

ತಂಗಿಗೆ ಮೊದಲು ಅರ್ಥವಾಗಲಿಲ್ಲ. ಅಕ್ಕನ ಬೆರಳು ತೋರಿಸಿದ ಕಡೆ ತಿರುಗಿದಳು. ಅದೇ ಹಗ್ಗದ ಕೊನೆಯಲ್ಲಿ ಅವಳ ಗಂಡನ ಬನಿಯನ್ನು, ದಿಂಬಿನ ಚೀಲ, ಕರವಸ್ತ್ರ. ಎಲ್ಲವೂ ನಿಂಬೆಕಾಯಿ.

ತಂಗಿ ಕೊಡ ಇಳಿಬಿಟ್ಟು ಸೇದಿದಳು. ರಾಟೆ ಕಿರುಗುಟ್ಟಿತು. ಗಾಜಿನ ಲೋಟ ತುಂಬಿಸಿ ಬಿಸಿಲಿಗೆ ಹಿಡಿದಳು. ಲೋಟದ ನೀರಿನೊಳಗೆ ತೆಳ್ಳನೆಯ ಹಸಿರು ಹೊಳೆಯಿತು, ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ತಂಗಿಯ ಕೈಯಿಂದ ಲೋಟ ಜಾರಿ ಕಟ್ಟೆಗೆ ಬಡಿದು ಒಡೆಯಿತು. ಅವಳು ಓಡಿಹೋಗಿ ಮಗುವನ್ನು ಎದೆಗೆ ಅವುಚಿಕೊಂಡಳು.

“ಅಕ್ಕಾ, ಇಷ್ಟು ದಿನ ನಾನೇ ಕುಡಿಸಿದೆನಲ್ಲಕ್ಕಾ! ಬಾಟಲಿ ತೊಳೆದಿದ್ದೂ ಇದರಲ್ಲೇ!”

“ಬಣ್ಣ ವಿಷ ಅಲ್ಲವಂತೆ” ಅಂದಳು ಪುಕ್ಕಲಕ್ಕ. ಬಣ್ಣದ ಜೊತೆ ಏನು ಬಂತು ಅನ್ನುವುದನ್ನು ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಅದು ತನ್ನ ಮನೆಯ ಕಕ್ಕಸಿನದು.

ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಇತ್ತ ನಲ್ಲಿಯಣ್ಣ ಹಾರೆ ಹಿಡಿದು ಬಂದು ಪುಕ್ಕಲಕ್ಕನ ಕಕ್ಕಸಿನ ನೆಲ ಅಗೆದ. ಕಲ್ಲು ಕಿತ್ತು ಬಗ್ಗಿ ನೋಡಿದವನು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪೈಪು ಒಡೆದು ಎರಡು ತುಂಡಾಗಿತ್ತು. ಒಳಚರಂಡಿಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಎಲ್ಲವೂ ಬಂಡೆಯ ಬಿರುಕಿಗೆ, ಬಿರುಕಿನಿಂದ ಇಳಿಜಾರಿನ ಒಡಲಿಗೆ.

“ಹೊಳೆ ಕಾಯ್ತೀವಿ ಅಂತ ಮೋರಿ ಬಾಯಲ್ಲಿ ನಿಂತಿದ್ವಲ್ಲಕ್ಕ” ಅಂದ. “ನೆಲದೊಳಗಿನ ಹೊಳೆ ನೆನಪೇ ಆಗಲಿಲ್ಲ.”

ಪೈಪು ಹೊಸದಾಯಿತು. ಡಾಂಬರು ಒಡೆದು ಮುಚ್ಚಳ ತೆರೆದು, ಮತ್ತೆ ಹಾಕಿದ ಬಣ್ಣ ಅಲ್ಲಿ ಕಂಡ ಮೇಲೆಯೇ ಬಳಗದವರು ಎದ್ದರು. ಪಾಸು ಅಂತ ಚಪ್ಪಾಳೆ ತಟ್ಟಿದ್ದ ಮನೆಗಳಿಗೆಲ್ಲ ಮತ್ತೆ ಹೋದರು. ಕೆಳಗಿನ ಬೀದಿಯ ಬಾವಿಗಳಿಂದ ಸೀಸೆ ತುಂಬಿ ಪರೀಕ್ಷೆಗೆ ಕಳಿಸುವ ಕೆಲಸವನ್ನು ಪುಕ್ಕಲಕ್ಕನಿಗೇ ಕೊಟ್ಟರು. ಈ ಸಲ ಅವಳು ಕೈಯೆತ್ತಿರಲಿಲ್ಲ. ಕುದಿಸಿದ ನೀರು ಕುಡಿಯುತ್ತಾ ಮಗು ನಿಧಾನವಾಗಿ ಕೆನ್ನೆ ತುಂಬಿಕೊಂಡಿತು. ಎತ್ತಿಕೊಂಡರೆ ಕೈಗೆ ಭಾರ ಅನ್ನಿಸತೊಡಗಿತು.

ಬಾವಿಯ ನೀರೆಲ್ಲ ತೆಗೆಸಿ, ಶುದ್ಧ ಮಾಡಿ, ನೀರು ಚೆನ್ನಾಗಿದೆ ಅಂತ ಇಲಾಖೆಯವರು ಹೇಳಿದ ದಿನ ತಂಗಿ ಮೊದಲ ಕೊಡ ಸೇದಿದಳು. ಲೋಟ ತುಂಬಿ, ಬಿಸಿಲಿಗೆ ಹಿಡಿದು, ಎಲ್ಲರೂ ನೋಡುತ್ತಿರುವಾಗ ಬಾಯಿಯವರೆಗೂ ತಂದವಳು ತಡೆದಳು.

“ಅಕ್ಕಾ, ನಿನಗೆ ಭಯ ಆಗ್ತಿದೆಯಾ?”

ಯಾರೋ ಕಿಸಕ್ಕನೆ ನಕ್ಕರು. ತಂಗಿ ನಗಲಿಲ್ಲ. ಪುಕ್ಕಲಕ್ಕ ಲೋಟ ನೋಡಿದಳು, ತಂಗಿಯ ಸೊಂಟದ ಮೇಲಿದ್ದ ಮಗುವನ್ನು ನೋಡಿದಳು.

“ಆಗ್ತಿದೆ ಕಣೇ.”

ತಂಗಿ ನೀರನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು.