‘ಗಿವ್ ಅಪ್’ ಮತ್ತು ಗೇಣುದ್ದ ನೂಲು

ಮಕ್ತಲ್‌ನಲ್ಲಿ ಬದುಕಿಡೀ ಇಂಗ್ಲಿಷ್ ಕಲಿಸಿದ ನನಗೆ ಇಂದಿಗೂ ಒಂದು ಒಗಟು ಬಿಡಿಸಲಾಗಿಲ್ಲ ನೋಡಿ. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ. ಎರಡೂ ಕೂಡಿದರೆ ಕೈಬಿಡು! ಒಬ್ಬಳು ಹುಡುಗಿ ಪರೀಕ್ಷೆಯಲ್ಲಿ ‘ಮೇಲಕ್ಕೆ ಎತ್ತಿಕೊಡು’ ಅಂತ ಬರೆದಿದ್ದಳು. ನಿಘಂಟು ನೋಡಿದರೆ, ಅವಳೇ ಮೂಲಕ್ಕೆ ಹತ್ತಿರ. ಹಿಂದೆ ಅದಕ್ಕೆ ಒಪ್ಪಿಸು ಅಂತ ಅರ್ಥವಂತೆ. ಸೋತವನು ಗೆದ್ದವನಿಗೆ ಕೋಟೆ ಒಪ್ಪಿಸಿದ ಹಾಗೆ. ಈಗ ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡುವುದೂ ಅದೇ, ಬೀಡಿ ಬಿಡುವುದೂ ಅದೇ, ಆಸೆ ಬಿಡುವುದೂ ಅದೇ.

ಹೋದ ವಾರ ಈ ಮಾತು ನಮ್ಮ ಮನೆಗೇ ಬಂತು. ನಾರಾಯಣಪೇಟೆಯಿಂದ ತಂಗಿಯ ಮಗಳ ಫೋನು: ‘ಮಾಮಾ, ಅವ್ವ ಮಗ್ಗ ಗಿವಪ್ ಮಾಡ್ಯಾಳ್ರೀ. ಭುಜ ಎತ್ತಾಕ ಬರವಲ್ದು.’

ಆ ಮಗ್ಗ ನಮ್ಮ ಅವ್ವನದು. ಅವ್ವ ಹೋದಮೇಲೆ ತಂಗಿ ನೀಲಮ್ಮ ಅದರ ಸದ್ದು ನಿಲ್ಲಿಸಿರಲಿಲ್ಲ. ಆ ಸದ್ದಿನಲ್ಲಿ ನನಗೆ ಅವ್ವ ಇನ್ನೂ ಇದ್ದಳು. ಸಿಕ್ಕ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಮಗ್ಗ ಸುಮ್ಮನೆ ನಿಂತಿತ್ತು. ನೇಯ್ದ ಸೀರೆ ಕೊಯ್ದು ತೆಗೆದಿದ್ದರು. ಗೇಣುದ್ದದ ನೂಲುಗಳಷ್ಟೇ ಗಂಟು ಹಾಕಿಸಿಕೊಂಡು ಜೋತಾಡುತ್ತಿದ್ದವು. ಕಣ್ಣು ತುಂಬಿ ಬಂತು. ಧೂಳಾದರೂ ಕೂರದಿರಲಿ, ಸ್ವಚ್ಛ ಮಾಡಿಡೋಣ ಅಂತ ಕತ್ತರಿ ಎತ್ತಿದೆ.

‘ಏ ಅಣ್ಣಾ! ತಲಿ ನೆಟ್ಟಗೈತೇನು? ಕತ್ತರಿ ಕೆಳಗಿಡು!’ ಒಳಗಿಂದ ನೀಲಮ್ಮ ಓಡಿಬಂದಳು. ‘ಅದನ್ನ ಕೊಯ್ದ್ರ ಹೊಸಾ ನೂಲು ಎದಕ್ಕ ಜೋಡಸ್ಲಿ? ನಿನ್ನ ಮೀಸಿಗೇನು?’

‘ನೀ ಮಗ್ಗ ಬಿಟ್ಟೀ ಅಂದ್ರಲ್ಲವಾ...’

‘ಭುಜ ಆರಾಮ ಆಗೋಮಟ ಬಿಟ್ಟೀನಿ. ಪೂರಾ ಬಿಡಾಕಿ ಆಗಿದ್ರ ಇದನ್ಯಾಕ ಉಳಸ್ತಿದ್ದೆ?’

ನೇಕಾರರ ಮನೆಯಲ್ಲಿ ಉದ್ದನೂಲನ್ನು ಪೂರ್ತಿ ನೇಯ್ದು ಮುಗಿಸುವುದಿಲ್ಲ. ಕೊನೆಗೆ ಒಂದಿಷ್ಟು ಉಳಿಸಿ, ಹೊಸ ನೂಲಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆಯುತ್ತಾರೆ. ಮಗ್ಗದ ಮಗ್ಗುಲಲ್ಲೇ ಬೆಳೆದ ನಾನು ನಿಘಂಟು ನೆನಪಿಟ್ಟು ಇದನ್ನೇ ಮರೆತಿದ್ದೆ.

ಬೈಸಿಕೊಂಡು ಇಷ್ಟು ಹಗುರಾದದ್ದು ಎಂದೂ ಇಲ್ಲ. ಉಸ್ಸಪ್ಪಾ ಅಂತ ಅಲ್ಲೇ ಕುಕ್ಕರಿಸಿದೆ. ಬಿಟ್ಟವರು ಎಷ್ಟೋ ಸಲ ಪೂರಾ ಬಿಟ್ಟಿರುವುದಿಲ್ಲ. ಬಿಟ್ಟರೆಂದು ಕತ್ತರಿ ಹಿಡಿದು ಓಡುವವರು ನಮ್ಮಂಥವರೇ. ನೀಲಮ್ಮ ಚಹಾ ಕೊಟ್ಟಳು, ಊಟಕ್ಕೂ ಎಬ್ಬಿಸಿದಳು. ಕತ್ತರಿಯನ್ನು ಮಾತ್ರ ನನ್ನ ಕೈಯಿಂದ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡವಳು, ನಾನು ಬಸ್ಸು ಹತ್ತುವತನಕ ತೆಗೆಯಲಿಲ್ಲ.